ಕೋಟ್ಯಧಿಪತಿ: ಇಂಗ್ಲೆಂಡಿಂದು, ಅಮೆರಿಕಾದು, ಹಿಂದಿದು, ನಮ್ದು, ಯಾವ್ದು ನೋಡ್ಬೇಕು?

ಈ ಶೋ ಬಗ್ಗೆ ಯಾರ ಹತ್ರ ಮಾತಾಡಿದ್ರೂ ಕೊನೆಗೆ ಬಂದು ನಿಲ್ಲೋದು ಒಂದೇ ಕಡೆ, ಅಮಿತಾಬ್ ಚೆನ್ನಾಗಿ ನಡೆಸ್ತಿದ್ರಾ ಅಪ್ಪು ಚೆನ್ನಾಗಿ ನಡೆಸ್ತಿದ್ರಾ ಅಂತ. ನನ್ನ ಉತ್ತರ ಇದೆ, ಮುಂದೆ ಹೇಳ್ತೀನಿ, ಆದ್ರೆ ಅದಕ್ಕೆ ಮುಂಚೆ ಆಟವನ್ನೇ ಸರಿಯಾಗಿ ನೋಡ್ಬೇಕು. ಇಂಗ್ಲೆಂಡಿನ ಒರಿಜಿನಲ್‌ನಿಂದ ಹಿಡಿದು ಅಮೆರಿಕಾ, ಆಸ್ಟ್ರೇಲಿಯಾ, ಹಿಂದಿ, ನಮ್ ಕನ್ನಡದ್ದು, ಪಕ್ಕದ ತಮಿಳಿಂದು, ಟಿವಿಯಲ್ಲಿ ಬಂದಿದ್ದು, ಯೂಟ್ಯೂಬಲ್ಲಿ ಸಿಕ್ಕಿದ್ದು ಎಲ್ಲಾ ನೋಡ್ತಾ ಬಂದಿದೀನಿ. ನಂಗೆ ಗಟ್ಟಿಯಾಗಿ ಅನ್ಸೋದು ಇಷ್ಟು: ಬಹುಮಾನ ಎಷ್ಟು, ಹೋಸ್ಟ್ ಎಷ್ಟು ದೊಡ್ಡ ಸ್ಟಾರ್ ಅನ್ನೋದಕ್ಕಿಂತ, ಹಾಟ್ ಸೀಟಲ್ಲಿ ಕೂತವರಿಗೆ ಯೋಚ್ನೆ ಮಾಡೋಕೆ ಎಷ್ಟು ಟೈಮ್ ಕೊಡ್ತಾರೆ, ಆ ಟೈಮಲ್ಲಿ ಹೋಸ್ಟ್ ಹೇಗಿರ್ತಾರೆ ಅನ್ನೋದ್ರ ಮೇಲೇ ಇಡೀ ಶೋ ನಿಂತಿರೋದು. ಇದನ್ನ ಉಳಿಸ್ಕೊಂಡ ವರ್ಷನ್ ಎಲ್ಲಾ ಚೆನ್ನಾಗಿವೆ, ಕಳ್ಕೊಂಡಿದ್ದು ಯಾವ್ದೂ ಚೆನ್ನಾಗಿಲ್ಲ.

ಮೊದ್ಲು ಒರಿಜಿನಲ್. ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್ ಶುರುವಾಗಿದ್ದು 1998ರ ಸೆಪ್ಟೆಂಬರ್ 4ಕ್ಕೆ, ಇಂಗ್ಲೆಂಡಿನ ಐಟಿವಿಯಲ್ಲಿ, ಹೋಸ್ಟ್ ಕ್ರಿಸ್ ಟ್ಯಾರಂಟ್. ಡೇವಿಡ್ ಬ್ರಿಗ್ಸ್, ಮೈಕ್ ವೈಟ್‌ಹಿಲ್, ಸ್ಟೀವನ್ ನೈಟ್ ಅಂತ ಮೂರು ಜನ ಸೇರಿ ಮಾಡಿದ ಐಡಿಯಾ, ಸೆಲಡಾರ್ ಕಂಪ್ನಿ ಪ್ರೊಡಕ್ಷನ್ನು. ಎದೆ ಡವಡವ ಅನ್ಸೋ ಆ ಮ್ಯೂಸಿಕ್ ಕೀತ್ ಸ್ಟ್ರಾಚನ್ ಮತ್ತೆ ಅವರ ಮಗ ಮ್ಯಾಥ್ಯೂ ಮಾಡಿದ್ದು, ಭಾಷೆ ಯಾವುದಾದ್ರೂ ನಮ್ಗೆಲ್ಲಾ ಕೇಳಿ ಕೇಳಿ ಬಾಯಿಪಾಠ ಆಗಿರೋದು ಆ ಟ್ಯೂನೇ. 15 ಪ್ರಶ್ನೆ, ಉತ್ತರ ಗೊತ್ತಿಲ್ದಾಗ ಸಹಾಯ ತಗೊಳೋಕೆ ಮೂರು ಲೈಫ್‌ಲೈನು, 100 ಪೌಂಡಿಂದ ಶುರುವಾಗಿ 10 ಲಕ್ಷ ಪೌಂಡ್‌ವರೆಗೆ. ಈ ದುಡ್ಡಿನ ಏಣಿ ಇದ್ಯಲ್ಲ, ಇದನ್ನ 2000ದ ಹಿಂದಿಯ ಕೌನ್ ಬನೇಗಾ ಕರೋಡ್‌ಪತಿ (ಕೆಬಿಸಿ) ಜೊತೆ ಪಕ್ಕದಲ್ಲಿಟ್ಟು ನೋಡಿ, ಅಲ್ಲಿ 1,000 ಮತ್ತೆ 32,000 ಪೌಂಡ್ ಹತ್ರ ಸೇಫ್ (ಆಮೇಲೆ ತಪ್ಪಿದ್ರೂ ಅಷ್ಟು ದುಡ್ಡು ಗ್ಯಾರಂಟಿ), ಇಲ್ಲಿ 10,000 ಮತ್ತೆ 3,20,000 ರೂಪಾಯಿ ಹತ್ರ ಸೇಫ್, ಅಂದ್ರೆ ಪ್ರತಿ ಮೆಟ್ಟಿಲಲ್ಲೂ ಒಂದು ಸೊನ್ನೆ ಜಾಸ್ತಿ ಹಾಕಿದಾರೆ ಅಷ್ಟೇ, ಹಂಗಾಗಿ 10 ಲಕ್ಷ ಪೌಂಡ್ ಇದ್ದಿದ್ದು ಇಲ್ಲಿ ಸರಿಯಾಗಿ 1 ಕೋಟಿ ರೂಪಾಯಿ ಆಗಿ ಕೂತ್ಕೊಳ್ತು.

ಈ ಆಟದ ಅತಿ ಜಾಣತನದ ರೂಲ್ ಯಾವ್ದು ಗೊತ್ತಾ, ಪ್ರಶ್ನೆ ನೋಡಿ *ಆಮೇಲೆ* ಆಡೋದಾ ಬಿಡೋದಾ ಅಂತ ಡಿಸೈಡ್ ಮಾಡೋದು. ಪ್ರಶ್ನೆ ಗೊತ್ತಿಲ್ದೆ ರಿಸ್ಕ್ ತಗೊಂಡ್ರೆ ಅದು ಬರೀ ಜೂಜು. ಇಲ್ಲಿ ಪ್ರಶ್ನೆ ಕಣ್ಮುಂದೆ ಇದೆ, ನಾಲ್ಕು ಉತ್ತರಾನೂ ಇದೆ, ಅದ್ರಲ್ಲಿ ಒಂದು ಸರಿ ಅಂತ ಗ್ಯಾರಂಟಿ ಇದೆ. ಅದೇ ಹಿಂಸೆ. 50 ಲಕ್ಷ ಗೆದ್ದು ಕೂತಿರೋ ಮನುಷ್ಯ ಕೋಟಿ ಪ್ರಶ್ನೆಗೆ ತಪ್ಪು ಹೇಳಿದ್ರೆ ಸೀದಾ 3,20,000ಕ್ಕೆ ಬೀಳ್ತಾನೆ, ಅಂದ್ರೆ 46,80,000 ಹೋಯ್ತು, ಮನೇಲಿ ಕೂತಿರೋ ನಾವು ಸೋಫಾ ಮೇಲಿಂದ ಬಿ ಬಿ ಬಿ ಅಂತ ಕೂಗ್ತಿರ್ತೀವಿ ಆದ್ರೆ ದುಡ್ಡು ನಮ್ದಲ್ಲ. ಆ ಮನುಷ್ಯನ ಮುಖ ನೋಡೋಕೇ ನಾವು ಕೂತಿರೋದು, ಅದಕ್ಕೆ ಟೈಮ್ ಬೇಕು.

ಟ್ಯಾರಂಟ್ ಇದನ್ನ ಚೆನ್ನಾಗಿ ಅರ್ಥ ಮಾಡ್ಕೊಂಡಿದ್ರು. ಉತ್ತರ ಲಾಕ್ ಆದ್ಮೇಲೆ ಸುಮ್ಮನೆ ಮುಖಾನೇ ನೋಡ್ತಾ ಕೂರ್ತಾರೆ, ಸರಿನೋ ತಪ್ಪೋ ಅನ್ನೋದು ಅವರ ಮುಖದಲ್ಲಿ ಒಂಚೂರೂ ಗೊತ್ತಾಗಲ್ಲ, ಆಗ ಸರಿಯಾಗಿ ಬ್ರೇಕ್ ತಗೊಳ್ತಾರೆ. ಗೆದ್ದ ಚೆಕ್ ಕೈಗೆ ಕೊಟ್ಟು, ಆದ್ರೆ ಇದನ್ನ ನಿಮ್ಗೆ ಕೊಡೋಕೆ ನಮಗಿಷ್ಟ ಇಲ್ಲ ಅಂತ ವಾಪಸ್ ಕಿತ್ಕೊಂಡು ಮುಂದಿನ ಪ್ರಶ್ನೆಗೆ ಹೋಗೋದು ಅವರ ಸ್ಟೈಲು. 2000ದ ನವೆಂಬರ್‌ನಲ್ಲಿ ಜೂಡಿತ್ ಕೆಪೆಲ್ ಅಲ್ಲಿ ಮೊದಲ ಸಲ ಪೂರ್ತಿ ಮೊತ್ತ ಗೆದ್ದ ಎಪಿಸೋಡ್ ಇದೆ, ಅಕ್ವಿಟೇನ್‌ನ ಎಲಿನಾರ್ ಮದುವೆಯಾಗಿದ್ದು ಯಾವ ರಾಜನ್ನ ಅಂತ ಪ್ರಶ್ನೆ, ಉತ್ತರ ಎರಡನೇ ಹೆನ್ರಿ, ಆಯಮ್ಮ ಎಷ್ಟು ತಣ್ಣಗೆ ಕೂತಿದ್ರು ಅಂದ್ರೆ ನೋಡೋ ನಮ್ಗೇ ಬೆವರು. ಎರಡೂ ಕಡೆ ಸುಮ್ಮನಿರೋ ಜನ, ಮಧ್ಯ ಆ ಮ್ಯೂಸಿಕ್ಕು, ಟಿವಿಯಲ್ಲಿ ಇದಕ್ಕಿಂತ ಟೆನ್ಷನ್ ಕೊಡೋ ಆಟ ನಾನು ನೋಡಿಲ್ಲ. ಮಾರನೇ ವರ್ಷ ಮೇಜರ್ ಚಾರ್ಲ್ಸ್ ಇಂಗ್ರಾಮ್ ಕೆಮ್ಮಿನ ಕೇಸ್ ಆಯ್ತು, ಆಡಿಯನ್ಸ್ ಕಡೆ ಕೂತವರ ಕೆಮ್ಮಿನ ಸಹಾಯದಿಂದ ಗೆದ್ದ ಅಂತ 2003ರಲ್ಲಿ ಕೋರ್ಟಲ್ಲಿ ಶಿಕ್ಷೆ ಆಯ್ತು, ಆ ಕಥೆ ನಿಮ್ಗೆಲ್ಲಾ ಗೊತ್ತಿರುತ್ತೆ ಬಿಡಿ.

ಆಮೇಲೆ ಅವರೇ ಇದನ್ನ ಹಾಳು ಮಾಡ್ಕೊಂಡ್ರು ಅನ್ನೋದು ನಂಗೆ ನಿಜವಾಗ್ಲೂ ಬೇಜಾರು. 2007ರಲ್ಲಿ 15 ಪ್ರಶ್ನೆನ 12 ಮಾಡಿದ್ರು, ಶುರುನಲ್ಲೇ 500 ಪೌಂಡು. ಸುಲಭದ ಪ್ರಶ್ನೆಗಳು ವೇಸ್ಟು ಅಂದ್ಕೊಂಡ್ರೋ ಏನೋ, ಆದ್ರೆ ಆ ಸುಲಭದ ಪ್ರಶ್ನೆಗಳಲ್ಲೇ ಕೂತವರ ಕೈ ನಡುಕ ನಿಲ್ಲೋದು, ಅವ್ರು ಯಾರು ಏನು ಅಂತ ನಮ್ಗೆ ಪರಿಚಯ ಆಗೋದು. 2010ರಲ್ಲಿ ಮೊದಲ ಪ್ರಶ್ನೆಗಳಿಗೆ ಗಡಿಯಾರ ಬೇರೆ ಇಟ್ರು. 2014ರಲ್ಲಿ ಟ್ಯಾರಂಟ್ ಶೋ ಮುಗೀತು. 2018ರಲ್ಲಿ 20 ವರ್ಷದ ನೆಪದಲ್ಲಿ ಜೆರೆಮಿ ಕ್ಲಾರ್ಕ್‌ಸನ್‌ನ ಕರ್ಕೊಂಡು ಬಂದು ಮತ್ತೆ ಶುರು ಮಾಡಿದಾಗ ಬುದ್ಧಿ ಬಂದಿತ್ತು, 15 ಪ್ರಶ್ನೆ ವಾಪಸ್, ಗಡಿಯಾರ ಇಲ್ಲ, ಎರಡನೇ ಸೇಫ್ ಮೆಟ್ಟಿಲು ಎಲ್ಲಿ ಅಂತ ಆಡೋವರೇ ಇಟ್ಕೋಬಹುದು, ಜೊತೆಗೆ ಹೋಸ್ಟ್‌ನೇ ಉತ್ತರ ಕೇಳೋ ಹೊಸ ಲೈಫ್‌ಲೈನು. ಎರಡನೇ ಸೇಫ್ ಮೆಟ್ಟಿಲಿನ ಬದಲಾವಣೆ ನಂಗೆ ತುಂಬಾ ಹಿಡಿಸ್ತು, ಯಾಕಂದ್ರೆ ಎಲ್ಲಿ ಇಡ್ತಾರೆ ಅನ್ನೋದ್ರಲ್ಲೇ ಆ ಮನುಷ್ಯನಿಗೆ ತನ್ನ ಮೇಲೆ ಎಷ್ಟು ನಂಬಿಕೆ ಇದೆ ಅಂತ ಗೊತ್ತಾಗಿ ಹೋಗುತ್ತೆ. 2020ರಲ್ಲಿ ಡೊನಾಲ್ಡ್ ಫಿಯರ್ ಅಂತ ಹಿಸ್ಟರಿ ಮೇಷ್ಟ್ರು ಒಬ್ರು ಒಂದೇ ಲೈಫ್‌ಲೈನ್ ಖರ್ಚು ಮಾಡಿ ಪೂರ್ತಿ 10 ಲಕ್ಷ ಪೌಂಡ್ ಹೊಡೆದ್ರು, ಕೊನೆ ಪ್ರಶ್ನೆ 1718ರಲ್ಲಿ ಸತ್ತ ಕಡಲ್ಗಳ್ಳ ಯಾರು ಅಂತ, ಬ್ಲ್ಯಾಕ್‌ಬಿಯರ್ಡ್. ಆ ಎಪಿಸೋಡ್ ಸಿಕ್ಕಿದ್ರೆ ಬಿಡಬೇಡಿ. ಕ್ಲಾರ್ಕ್‌ಸನ್ ಮಾತು ಒರಟು, ಕೆಲವು ಸಲ ಆಡೋರನ್ನ ರೇಗಿಸ್ತಾರೆ, ಅದು ನಂಗೆ ಅಷ್ಟು ಇಷ್ಟ ಆಗಲ್ಲ.

ಅಮೆರಿಕಾದ್ದು 1999ರ ಆಗಸ್ಟ್‌ನಲ್ಲಿ ಎಬಿಸಿಯಲ್ಲಿ ರೀಜಿಸ್ ಫಿಲ್ಬಿನ್ ಜೊತೆ ಶುರುವಾಯ್ತು, ಅದೇ ನವೆಂಬರ್‌ಗೆ ಜಾನ್ ಕಾರ್ಪೆಂಟರ್ ಅನ್ನೋರು 10 ಲಕ್ಷ ಡಾಲರ್ ಗೆದ್ರು, ಇಡೀ ಆಟಕ್ಕೆ ಒಂದೇ ಲೈಫ್‌ಲೈನ್, ಅದೂ ಕೊನೆ ಪ್ರಶ್ನೇಲಿ ಅಪ್ಪಂಗೆ ಫೋನ್ ಮಾಡಿ, ನಿಮ್ಮ ಸಹಾಯ ಏನೂ ಬೇಡ ಅಪ್ಪ, ಗೆಲ್ತಿದೀನಿ ಅಂತ ಹೇಳೋಕೆ ಮಾಡಿದೆ ಅಂತ. ಅದಕ್ಕಿಂತ ಮೇಲಿನ ಗೆಲುವು ಈ ಆಟದಲ್ಲಿ ಯಾವ ದೇಶದಲ್ಲೂ ಆಗಿಲ್ಲ ಅನ್ನೋದು ನನ್ನ ಅಭಿಪ್ರಾಯ. ಆದ್ರೆ ಆಮೇಲಿನ ಅಮೆರಿಕನ್ ಸೀಸನ್‌ಗಳನ್ನ ನಾನು ಯಾರಿಗೂ ರೆಕಮೆಂಡ್ ಮಾಡಲ್ಲ. 2008ರಲ್ಲಿ ಪ್ರತಿ ಪ್ರಶ್ನೆಗೂ ಗಡಿಯಾರ, 15 ಸೆಕೆಂಡ್, 30 ಸೆಕೆಂಡ್ ಅಂತ. 2010ರಲ್ಲಿ ಫೋನ್ ಮಾಡೋ ಲೈಫ್‌ಲೈನೇ ತೆಗೆದ್ರು, ಯಾಕಂದ್ರೆ ಆ ಕಡೆ ಫ್ರೆಂಡ್ ಸೀದಾ ಇಂಟರ್ನೆಟ್‌ನಲ್ಲಿ ಹುಡುಕಿ ಹೇಳ್ತಿದ್ರು. ಅದೇ ವರ್ಷ ದುಡ್ಡಿನ ಮೆಟ್ಟಿಲನ್ನೇ ಕಲಸಿಬಿಟ್ರು, ಮೊದಲ 10 ಪ್ರಶ್ನೆಗಳಲ್ಲಿ ಯಾವುದಕ್ಕೆ ಎಷ್ಟು ದುಡ್ಡು ಅಂತ ಉತ್ತರ ಹೇಳೋವರೆಗೂ ಗೊತ್ತಿಲ್ಲ, ಕಷ್ಟದ ಪ್ರಶ್ನೆಗೆ ಚಿಲ್ಲರೆ ಕಾಸು, ಸುಲಭದ್ದಕ್ಕೆ ದೊಡ್ಡ ಮೊತ್ತ ಬರಬಹುದು. ಮೆಟ್ಟಿಲು ಹತ್ತೋ ಆಟದಲ್ಲಿ ಮೆಟ್ಟಿಲೇ ಇಲ್ಲ ಅಂದ್ರೆ ಇನ್ನೇನು ಉಳೀತು. ಆಸ್ಟ್ರೇಲಿಯಾದವ್ರು 2009ರಲ್ಲಿ ಹಾಟ್ ಸೀಟ್ ಅಂತ ಮಾಡಿದ್ದೂ ಇದೇ ಜಾತಿ, ಎಡ್ಡಿ ಮೆಗ್ವಾಯರ್ ಹೋಸ್ಟು, ಆರು ಜನ ಸರದಿ ಮೇಲೆ ಕೂರ್ತಾರೆ, ಕಷ್ಟ ಆದ್ರೆ ಪಾಸ್ ಅಂತ ಎದ್ದು ಹೋಗ್ತಾರೆ, ಸ್ಪೀಡ್ ಇದೆ, ಸಂಜೆ ಹೊತ್ತು ಟೈಮ್‌ಪಾಸ್‌ಗೆ ಓಕೆ, ಆದ್ರೆ ಒಬ್ಬ ಮನುಷ್ಯನ ಜೊತೆ ನಾವು ಪೂರ್ತಿ ಕೂತ್ಕೊಳೋ ಆ ಸುಖ ಇಲ್ಲ.

ಈಗ ಹಿಂದಿ. 2000ದ ಜುಲೈ 3, ರಾತ್ರಿ 9 ಗಂಟೆ, ಸ್ಟಾರ್ ಪ್ಲಸ್. ಕ್ವಿಜ್ ಲೋಕದ ಸಿದ್ಧಾರ್ಥ ಬಸು ಇದರ ಹಿಂದೆ ಇದ್ದಿದ್ದು. ಕರ್ನಾಟಕದಲ್ಲಿ ಹಿಂದಿ ಸರಿಯಾಗಿ ಬರದ ಮನೆಗಳಲ್ಲೂ ಇದನ್ನ ನೋಡ್ತಿದ್ರು, ಪ್ರಶ್ನೆ ಹಿಂದಿ ಇಂಗ್ಲಿಷ್ ಎರಡರಲ್ಲೂ ಸ್ಕ್ರೀನ್ ಮೇಲೆ ಬರ್ತಿತ್ತಲ್ಲ, ಓದ್ಕೊಂಡು ಆಡ್ಬಹುದಿತ್ತು. ಅದೇ ವರ್ಷ ಹರ್ಷವರ್ಧನ್ ನವಾಥೆ ಮೊದಲ ಕೋಟಿ ಗೆದ್ದಿದ್ದು ಸಂವಿಧಾನದ ಪ್ರಶ್ನೆಗೆ, ಪಾರ್ಲಿಮೆಂಟ್ ಕಲಾಪದಲ್ಲಿ ಭಾಗವಹಿಸೋಕೆ ಇವರಲ್ಲಿ ಯಾರಿಗೆ ಅವಕಾಶ ಇದೆ ಅಂತ, ಉತ್ತರ ಅಟಾರ್ನಿ ಜನರಲ್. ಪಿಯುಸಿ, ಡಿಗ್ರಿ ಹುಡುಗ್ರು ಜಿಕೆ ಪುಸ್ತಕ ಹಿಡ್ಕೊಂಡು ಓಡಾಡಿದ ಕಾಲ ಅದು. ಅಮಿತಾಬ್ ಧ್ವನಿ ಬಗ್ಗೆ ನಾನೇನು ಹೊಸದಾಗಿ ಹೇಳ್ಬೇಕಾಗಿಲ್ಲ, ಆದ್ರೆ ಅವರ ನಿಜವಾದ ಶಕ್ತಿ ಅಂತ ನಂಗನ್ಸೋದು ಧ್ವನಿ ಅಲ್ಲ, ಮರ್ಯಾದೆ. ಯಾವ ಊರಿಂದ ಬಂದಿರಲಿ, ಏನೇ ಕೆಲಸ ಮಾಡ್ತಿರಲಿ, ಆಪ್ ಅಂತಾನೇ ಮಾತು, ಟ್ಯಾರಂಟ್ ಎದುರು ಕೂತವರ ಜೊತೆ ಬೆಕ್ಕು ಇಲಿ ಆಟ ಆಡ್ತಿದ್ರೆ ಇವ್ರು ಅತಿಥಿ ಥರ ನೋಡ್ಕೊಂಡ್ರು. 2011ರಲ್ಲಿ ಬಿಹಾರದ ಮೋತಿಹಾರಿಯ ಸುಶೀಲ್ ಕುಮಾರ್ 5 ಕೋಟಿ ಗೆದ್ದ ಎಪಿಸೋಡ್ ಅದಕ್ಕೆ ಸಾಕ್ಷಿ, 1868ರಲ್ಲಿ ನಿಕೋಬಾರ್ ದ್ವೀಪಗಳ ಹಕ್ಕು ಬ್ರಿಟಿಷರಿಗೆ ಮಾರಿ ಹೋದ ದೇಶ ಯಾವ್ದು ಅಂತ ಪ್ರಶ್ನೆ, ಡೆನ್ಮಾರ್ಕ್. 2007ರಲ್ಲಿ ಶಾರುಖ್ ಖಾನ್ ನಡೆಸಿಕೊಟ್ಟ ಸೀಸನ್ ಎನರ್ಜಿ ಜಾಸ್ತಿ, ತಬ್ಬಿಕೊಳ್ಳೋದು ನಗ್ಸೋದು ಎಲ್ಲಾ ಇತ್ತು, ಆದ್ರೆ ಆಟ ಸ್ವಲ್ಪ ಹಿಂದೆ ಸರೀತು.

ಈಚಿನ ಹಿಂದಿ ಸೀಸನ್‌ಗಳ ಬಗ್ಗೆ ನಂಗೆ ಕಂಪ್ಲೇಂಟ್ ಇದೆ. ಪ್ರೋಮೋಗಳಲ್ಲಿ ಪ್ರಶ್ನೆಗಿಂತ ಕಣ್ಣೀರೇ ಜಾಸ್ತಿ. ಬಡತನದ ವಿಡಿಯೋ ಮೊದ್ಲು, ಆಮೇಲೆ ಮನೆಯವರ ಮಾತು, ಆಮೇಲೆ ಆಟ. ಡಬಲ್ ಡಿಪ್, ಎಕ್ಸ್‌ಪರ್ಟ್, ಜೋಡಿದಾರ್, ಸೂಪರ್ ಸಂದೂಕ್ ಅಂತ ಸೀಸನ್‌ಗೊಂದು ಹೊಸ ಲೈಫ್‌ಲೈನೋ ರೂಲೋ ಬರುತ್ತೆ ಹೋಗುತ್ತೆ, ಶುರುವಿನ ಪ್ರಶ್ನೆಗಳಿಗೆ ಗಡಿಯಾರ ಬೇರೆ. ಹಳ್ಳಿಯಿಂದ ಮೊದಲ ಸಲ ಕ್ಯಾಮೆರಾ ಮುಂದೆ ಬಂದವರಿಗೆ ಆ ಗಡಿಯಾರ ಎಷ್ಟು ಭಯ ಹುಟ್ಟಿಸುತ್ತೆ, ಉತ್ತರ ಗೊತ್ತಿದ್ರೂ ಬಾಯಿಗೆ ಬರಲ್ಲ. ಹಾಗಂತ ಕಥೆ ಹೇಳೋದೇ ತಪ್ಪು ಅಂತಲ್ಲ, ಸಮಾಜಸೇವೆ ಮಾಡಿದವರನ್ನ ಕರೆಸೋ ಕರ್ಮವೀರ್ ಅನ್ನೋ ಸ್ಪೆಷಲ್ ಇದ್ಯಲ್ಲ, ಅದರ 2019ರ ಎಪಿಸೋಡಲ್ಲಿ ನಮ್ಮ ಸುಧಾ ಮೂರ್ತಿಯವರು ಬಂದು ಹುಬ್ಬಳ್ಳಿಯ ಬಿವಿಬಿ ಕಾಲೇಜಲ್ಲಿ ಇಂಜಿನಿಯರಿಂಗ್‌ಗೆ ಒಬ್ಬರೇ ಹುಡುಗಿಯಾಗಿ ಸೇರಿದ ದಿನಗಳ ಬಗ್ಗೆ ಮಾತಾಡಿದ್ದು ಎಷ್ಟು ಚೆನ್ನಾಗಿತ್ತು, ಕಾರಣ ಅಲ್ಲಿ ಅಳಿಸೋ ಉದ್ದೇಶ ಇರಲಿಲ್ಲ, ಹೇಳೋಕೆ ವಿಷಯ ಇತ್ತು.

ಇನ್ನು ನಮ್ದು. 2012ರ ಮಾರ್ಚ್‌ನಲ್ಲಿ ಸುವರ್ಣ ಚಾನೆಲ್‌ನಲ್ಲಿ ಕನ್ನಡದ ಕೋಟ್ಯಧಿಪತಿ ಶುರು, ಪುನೀತ್ ರಾಜ್‌ಕುಮಾರ್ ಮೊದಲ ಸಲ ಟಿವಿಯಲ್ಲಿ ಹೋಸ್ಟ್. ಆ ವರ್ಷ ದಕ್ಷಿಣದಲ್ಲೆಲ್ಲಾ ಇದೇ ಗಾಳಿ, ತಮಿಳಿನ ವಿಜಯ್ ಟಿವಿಯಲ್ಲಿ ಸೂರ್ಯ, ಮಲಯಾಳಂ ಏಷ್ಯಾನೆಟ್‌ನಲ್ಲಿ ಸುರೇಶ್ ಗೋಪಿ, 2014ಕ್ಕೆ ತೆಲುಗಲ್ಲಿ ನಾಗಾರ್ಜುನ. ಸೆಟ್ಟು, ಲೈಟು, ಮ್ಯೂಸಿಕ್ಕು ಎಲ್ಲಾ ಕಡೆ ಒಂದೇ ಥರ, ಹಾಗಾಗಿ ವ್ಯತ್ಯಾಸ ಕಾಣೋದು ಕುರ್ಚಿಯಲ್ಲಿ ಕೂತ ಮನುಷ್ಯರಲ್ಲೇ.

ಅಪ್ಪು ಅಮಿತಾಬ್ ಥರ ಮಾತುಗಾರ ಅಲ್ಲ. ಕವಿತೆ ಹೇಳಲ್ಲ, ದೊಡ್ಡ ದೊಡ್ಡ ವಾಕ್ಯ ಹೇಳಲ್ಲ. ಕೇಳ್ತಾರೆ. ಎದುರಿಗಿರೋರು ಮಾತಾಡ್ತಿದ್ರೆ ಸ್ವಲ್ಪ ಮುಂದೆ ಬಾಗಿ ಪೂರ್ತಿ ಕೇಳ್ತಾರೆ, ನಗ್ತಾರೆ, ಆ ನಗು ಹಲ್ಲು ತೋರ್ಸೋ ನಗು ಅಲ್ಲ, ಕಣ್ಣಲ್ಲಿ ಇರುತ್ತೆ. ಉತ್ತರ ಕರ್ನಾಟಕದಿಂದ ಬಂದ ಅಜ್ಜಿಯಾಗಲಿ, ಕಾಲೇಜ್ ಹುಡುಗನಾಗಲಿ, ಸ್ಟಾರ್ ಮುಂದೆ ಕೂತಿದೀನಿ ಅನ್ನೋ ಗಾಬರಿ ಎರಡು ಪ್ರಶ್ನೆಗೆ ಹೋಗಿಬಿಡುತ್ತೆ. ಅವರು ಅವರವರ ಕನ್ನಡದಲ್ಲೇ ಮಾತಾಡ್ತಾರೆ, ಧಾರವಾಡದ್ದು ಧಾರವಾಡದ್ದೇ, ಕುಂದಾಪುರದ್ದು ಕುಂದಾಪುರದ್ದೇ, ಅದನ್ನ ಯಾರೂ ತಿದ್ದಲ್ಲ. ನಮ್ಮ ಟಿವಿಯಲ್ಲಿ ಬೆಂಗಳೂರು ಕನ್ನಡ ಬಿಟ್ಟು ಬೇರೆ ಕನ್ನಡ ಕೇಳಿಸ್ತಿದ್ದಿದ್ದೇ ಹೆಚ್ಚಾಗಿ ಕಾಮಿಡಿ ಪಾತ್ರಗಳಲ್ಲಿ, ಇಲ್ಲಿ ಅದೇ ಭಾಷೆ ಆಡೋ ಜನ ಯೋಚ್ನೆ ಮಾಡೋರಾಗಿ, ಬುದ್ಧಿವಂತರಾಗಿ, ಗೆಲ್ಲೋರಾಗಿ ಕಂಡ್ರು. ನನ್ನ ಮಟ್ಟಿಗೆ ಕನ್ನಡ ವರ್ಷನ್ ಮಾಡಿದ ದೊಡ್ಡ ಕೆಲಸ ಇದು, ಇದೊಂದಕ್ಕೇ ನಾನು ಅದನ್ನ ಹಿಂದಿಗಿಂತ ಮೇಲೆ ಇಡ್ತೀನಿ. ಟೆನ್ಷನ್ ವಿಷಯಕ್ಕೆ ಬಂದ್ರೆ ಮಾತ್ರ ಅಪ್ಪು ಸೀಸನ್‌ಗಳು ಇಂಗ್ಲೆಂಡಿನ ಹತ್ರ ಬರಲ್ಲ, ಅವರಿಗೆ ಎದುರಿಗಿರೋರನ್ನ ಕಾಡ್ಸೋಕೆ ಮನಸ್ಸೇ ಇಲ್ಲ, ಉತ್ತರ ಸರಿ ಇದ್ರೆ ಅವರ ಮುಖದಲ್ಲೇ ಗೊತ್ತಾಗಿಬಿಡುತ್ತೆ. ಅದು ಆಟದ ಲೆಕ್ಕಕ್ಕೆ ಕೊರತೆ, ಇರಲಿ.

ಮೂರನೇ ಸೀಸನ್ ರಮೇಶ್ ಅರವಿಂದ್ ನಡೆಸಿದ್ರು. ಮಾತು ಸ್ಪಷ್ಟ, ಓದ್ಕೊಂಡಿರೋರು ಅಂತ ಗೊತ್ತಾಗುತ್ತೆ, ಪ್ರಶ್ನೆ ಹಿಂದಿನ ವಿಷಯಕ್ಕೆ ಒಂದೆರಡು ಮಾತು ಸೇರಿಸೋದು ನಂಗೆ ಇಷ್ಟ. ಆದ್ರೆ ವೀಕೆಂಡ್ ವಿತ್ ರಮೇಶ್ ಅಷ್ಟು ಹಿಟ್ ಆಗಿದ್ದಕ್ಕೋ ಏನೋ, ಇಲ್ಲೂ ಸಂದರ್ಶನದ ಗಾಳಿ ಬೀಸ್ತಿತ್ತು, ಆಟ ನಿಧಾನ ಆಗ್ತಿತ್ತು. 2019ರಲ್ಲಿ ಕಲರ್ಸ್ ಕನ್ನಡಕ್ಕೆ ಬಂದಾಗ ಮತ್ತೆ ಅಪ್ಪು, ವಾರಾಂತ್ಯ ಮಾತ್ರ. ಆ ಸೀಸನ್ ಅವ್ರು ಇನ್ನೂ ಪಳಗಿದ್ರು, ಸುಮ್ಮನಿರೋದು ಕಲಿತಿದ್ರು. 2021ರ ಅಕ್ಟೋಬರ್ 29ಕ್ಕೆ ಅಪ್ಪು ತೀರಿಕೊಂಡ ನಂತರ ಆ ಕ್ಲಿಪ್‌ಗಳನ್ನ ನೋಡೋದು ಬೇರೆ ಥರಾನೇ ಆಗಿಹೋಯ್ತು, ಸಿನಿಮಾದಲ್ಲಿ ಅವ್ರು ಪಾತ್ರ, ಇಲ್ಲಿ ಅವ್ರು ಅವರೇ. ಸಾಮಾನ್ಯ ಜನರ ಜೊತೆ ಅವರು ಹೇಗಿದ್ರು ಅಂತ ಮಕ್ಕಳಿಗೆ ತೋರಿಸ್ಬೇಕು ಅಂದ್ರೆ ಇದಕ್ಕಿಂತ ಒಳ್ಳೇ ದಾಖಲೆ ಇಲ್ಲ.

ತಮಿಳಿನವ್ರು ಒಂದು ವಿಷಯದಲ್ಲಿ ನಮ್ಮನ್ನ ಮೀರಿಸಿದ್ರು, ಅದನ್ನ ಒಪ್ಕೋಬೇಕು. 2019ರ ಕೊನೆಗೆ ಕಲರ್ಸ್ ತಮಿಳಲ್ಲಿ ಕೋಡೀಶ್ವರಿ ಅಂತ ಹೆಣ್ಣುಮಕ್ಕಳಿಗೆ ಮಾತ್ರ ಇರೋ ಸೀಸನ್ ಮಾಡಿದ್ರು, ರಾಧಿಕಾ ಶರತ್‌ಕುಮಾರ್ ಹೋಸ್ಟು. ಅದ್ರಲ್ಲಿ ಕಿವಿ ಕೇಳಿಸದ, ಮಾತು ಬಾರದ ಮದುರೈನ ಹೆಣ್ಣುಮಗಳೊಬ್ರು 2020ರಲ್ಲಿ 1 ಕೋಟಿ ಗೆದ್ರು. ಮಾತೇ ಬಂಡವಾಳ ಆಗಿರೋ ಶೋನಲ್ಲಿ ಇದು ಆಯ್ತಲ್ಲ! ತಮಿಳಿನ ಎರಡನೇ ಸೀಸನ್ ನಮ್ಮ ಪ್ರಕಾಶ್ ರೈ ನಡೆಸಿದ್ದು, ಅದೂ ನೋಡೋಹಾಗಿದೆ, ಟ್ಯಾರಂಟ್ ಥರ ಆಟ ಆಡ್ಸೋ ಗುಣ ಅವರಲ್ಲಿ ಇದೆ.

ಲೈಫ್‌ಲೈನ್ ಬಗ್ಗೆ ಒಂದ್ ಮಾತು. ಹಳೇ ಮೂರೇ ಸಾಕು, ಫಿಫ್ಟಿ ಫಿಫ್ಟಿ, ಆಡಿಯನ್ಸ್ ಪೋಲ್, 30 ಸೆಕೆಂಡ್ ಫೋನು. ಅಮೆರಿಕಾ ಶೋದ ಲೆಕ್ಕ ತೆಗೆದು ನೋಡಿದಾಗ ಆಡಿಯನ್ಸ್ 91% ಸಲ ಸರಿ ಹೇಳಿದ್ರೆ ಫೋನ್ ಮಾಡಿದ ಜಾಣ ಫ್ರೆಂಡ್ 65% ಸಲ ಮಾತ್ರ ಸರಿ ಹೇಳಿದ್ನಂತೆ. ಆದ್ರೂ ಆ ಫೋನ್ ಬೇಕು, ಟ್ರಿಣ್ ಟ್ರಿಣ್ ಅಂತ ರಿಂಗ್ ಆಗಿ ಆ ಕಡೆ ಭಾವನೋ ಮೇಷ್ಟ್ರೋ ಎತ್ತಿ, ಪ್ರಶ್ನೆ ಕೇಳಿಸ್ಕೊಳೋದ್ರಲ್ಲೇ ಅರ್ಧ ಟೈಮ್ ಹೋಗಿ, ಇನ್ನೇನು ಹೇಳ್ಬೇಕು ಅನ್ನೋಷ್ಟ್ರಲ್ಲಿ ಕಟ್ ಆಗುತ್ತಲ್ಲ, ಗಡಿಯಾರ ಇರ್ಬೇಕಾಗಿರೋದು ಅಲ್ಲಿ ಮಾತ್ರ.

ಕನ್ನಡ ವರ್ಷನ್‌ನಲ್ಲಿ ನಂಗೆ ಕಮ್ಮಿ ಅನ್ಸಿದ್ದು ಪ್ರಶ್ನೆಗಳು. ಶುರುವಿನ ಐದು ಪ್ರಶ್ನೆ ಚೆನ್ನಾಗಿರ್ತಿದ್ವು, ಗಾದೆ, ಅಡುಗೆ, ಸಿನಿಮಾ ಹಾಡು ಎಲ್ಲಾ ನಮ್ದೇ, ಮೇಲೆ ಹೋದಂಗೆ ಹಿಂದಿ ಅಥವಾ ಇಂಗ್ಲಿಷ್‌ನಿಂದ ಎತ್ತಿ ಇಟ್ಟ ಥರ ಆಗ್ತಿತ್ತು. ಕಷ್ಟದ ಪ್ರಶ್ನೆನೂ ನಮ್ಮ ನೆಲದಿಂದಲೇ ಮಾಡ್ಬಹುದು. ಉದಾಹರಣೆಗೆ ಗುಜರಾತಿಯ ಉಮಾಶಂಕರ ಜೋಶಿ ಜೊತೆ ಜ್ಞಾನಪೀಠ ಹಂಚಿಕೊಂಡ ಕನ್ನಡ ಸಾಹಿತಿ ಯಾರು, ಆಪ್ಷನ್ ಕುವೆಂಪು, ಬೇಂದ್ರೆ, ಕಾರಂತ, ಮಾಸ್ತಿ. ನಾಲ್ಕೂ ಜನಕ್ಕೆ ಜ್ಞಾನಪೀಠ ಬಂದಿದೆ, ನಾಲ್ಕೂ ಹೆಸರು ಎಲ್ಲರಿಗೂ ಗೊತ್ತು, ಆದ್ರೂ ಕೈ ನಡುಗುತ್ತೆ. 1967, ಕುವೆಂಪು. ಇಂಥದ್ದು ಬೇಕು, ಕೇಳಿದ ತಕ್ಷಣ ಅಯ್ಯೋ ಇದು ಗೊತ್ತಿತ್ತಲ್ಲ ಅನ್ನಿಸ್ಬೇಕು.

ಈಗ ನೋಡೋಕೆ ಶುರು ಮಾಡೋರಿಗೆ ನಾನು ಹೇಳೋದು, ಮೊದ್ಲು ಕೆಪೆಲ್ ಗೆದ್ದ ಎಪಿಸೋಡ್, ಆಮೇಲೆ ಸುಶೀಲ್ ಕುಮಾರ್‌ದು, ಆಮೇಲೆ ಅಪ್ಪುದು 2019ರ ಸೀಸನ್ನಿಂದ ಸಿಕ್ಕಿದ್ದೆಲ್ಲಾ. ಮನೇಲಿ ವಯಸ್ಸಾದವರು ಇದ್ರೆ ಅಪ್ಪುದೇ ಮೊದ್ಲು ಹಾಕಿ. ಹಿಂದಿಯ ಹೊಸ ಸೀಸನ್ ಸೋನಿ ಲಿವ್‌ನಲ್ಲಿ ಸಿಗುತ್ತೆ, ವಿಡಿಯೋ ಭಾಗ ಓಡಿಸ್ಕೊಂಡು ಆಟ ಮಾತ್ರ ನೋಡ್ಬಹುದು. ಕನ್ನಡದಲ್ಲಿ ಮತ್ತೆ ಯಾವ ಚಾನೆಲ್ ಇದನ್ನ ಎತ್ತಿಕೊಂಡ್ರೂ ನನ್ನ ಬೇಡಿಕೆ ಮೂರೇ, ಗಡಿಯಾರ ಬೇಡ, ಪ್ರಶ್ನೆ ಬರೆಯೋಕೆ ಕನ್ನಡ ಚೆನ್ನಾಗಿ ಬಲ್ಲ ಕ್ವಿಜ್‌ನವರನ್ನ ಕೂರ್ಸಿ, ಹೋಸ್ಟ್ ಯಾರೇ ಆಗಲಿ ಎದುರು ಕೂತವರ ಮಾತು ಮುಗಿಯೋವರೆಗೂ ಕೇಳೋರಾಗಿರಲಿ.